ಎರಕದ ವಿದ್ಯೆ: ಬೆಂಕಿಗಿಂತ ಮೊದಲು ಅಚ್ಚು

ಲೋಹವನ್ನು ಕರಗಿಸಿ, ಅಚ್ಚಿಗೆ ಹೊಯ್ದು, ಬೇಕಾದ ಆಕಾರವನ್ನು ಪಡೆಯುವ ಹವ್ಯಾಸವೊಂದು ನಮ್ಮ ಭಾಗದ ತರುಣರ ಮನಸ್ಸನ್ನು ಈಚೆಗೆ ಸೆಳೆಯತೊಡಗಿದೆ. ಹಳೆಯ ಗ್ರಂಥಗಳ ವಿಚಾರ ಕೇಳಲು ಬಾಗಲಕೋಟೆ, ಹುನಗುಂದ, ಇಳಕಲ್ಲುಗಳಿಂದ ನಮ್ಮಲ್ಲಿಗೆ ಬರುವ ವಿದ್ಯಾರ್ಥಿಗಳಲ್ಲಿ ಕೆಲವರು ಮೊಬೈಲಿನಲ್ಲಿ ಕೆಂಪಗೆ ಕಾದ ಮೂಸೆಯ ಚಿತ್ರ ತೋರಿಸಿ, “ಗುರುಗಳ, ಇದನ್ನ ನಾವೂ ಮನ್ಯಾಗ ಮಾಡಬಹುದೇನ್ರಿ?” ಎಂದು ಕೇಳುತ್ತಾರೆ. ಅವರ ತಾಯಂದಿರು ಕೇಳುವುದು ಬೇರೆ: “ಇದನ್ನ ಬಿಡಸೂದು ಹೆಂಗ ಹೇಳ್ರಿ.” ಇಬ್ಬರಿಗೂ ನಾವು ಕೊಡುವ ಉತ್ತರ ಒಂದೇ. ಮಾಡಬಹುದು, ಆದರೆ ಚಿತ್ರದಲ್ಲಿ ಕಾಣುವ ಕಡೆಯಿಂದ ಆರಂಭಿಸಬಾರದು. ಚಿತ್ರದಲ್ಲಿ ಕಾಣುವುದು ಬೆಂಕಿ. ಎರಕದ ವಿದ್ಯೆಯ ಮುಕ್ಕಾಲು ಪಾಲು ಇರುವುದು ಬೆಂಕಿ ಹೊತ್ತಿಸುವುದಕ್ಕೆ ಮೊದಲು, ಮಣ್ಣು ಮರಳುಗಳ ಸಹವಾಸದಲ್ಲಿ. ಅಚ್ಚನ್ನು ಬಲ್ಲವನಿಗೆ ಬೆಂಕಿ ಸೇವಕ. ಅಚ್ಚನ್ನು ಅರಿಯದವನ ಕೈಯಲ್ಲಿ ಒಂದು ಸೌಟು ಲೋಹವೂ ಅಪಾಯವೇ.

ಇದು ನಮ್ಮ ಸ್ವಂತ ಕಲ್ಪನೆಯ ಮಾತಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಕ್ರಿ.ಶ. ೧೧೨೯-೩೦ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ‘ಅಭಿಲಷಿತಾರ್ಥಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳಾಗಿ ಹರಡಿರುವ ಆ ಗ್ರಂಥದಲ್ಲಿ ಆನೆ, ಕುದುರೆ, ಅಡುಗೆ, ಸಂಗೀತ, ಚಿತ್ರಕಲೆಗಳ ಜೊತೆಗೆ ಲೋಹದ ಮೂರ್ತಿಯನ್ನು ಎರಕ ಹೊಯ್ಯುವ ಕ್ರಮವೂ ಬಂದಿದೆ. ಬಾದಾಮಿಯ ಚಾಲುಕ್ಯರ ವಂಶದವರೆಂದು ಹೇಳಿಕೊಂಡ ಅರಸು ಮನೆತನದ ಈ ದೊರೆ, ಲೋಹ ಕರಗಿಸುವುದನ್ನು ಹೇಳುವ ಮೊದಲು ಮಣ್ಣನ್ನು ಹದಗೊಳಿಸುವುದಕ್ಕೆ ಕೊಟ್ಟಿರುವ ಗಮನ ನೋಡತಕ್ಕದ್ದು.

ಮೊದಲು ಮೇಣದಲ್ಲಿ ಮೂರ್ತಿಯನ್ನು ತಿದ್ದಬೇಕು. ಅದರ ಬೆನ್ನು, ಹೆಗಲು, ಕುತ್ತಿಗೆ, ಕಿರೀಟಗಳ ಕಡೆ ಉಮ್ಮತ್ತಿಯ ಹೂವಿನಂತೆ ಬಾಯಿ ಅಗಲವಾದ ಮೇಣದ ನಾಳಗಳನ್ನು ಹಚ್ಚಬೇಕು. ಲೋಹ ಒಳಗೆ ಇಳಿಯುವ ದಾರಿ ಅದು. ಬಳಿಕ ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ತುಸು ಉಪ್ಪು ಕೂಡಿಸಿ ಕಲ್ಲಿನ ಮೇಲೆ ನುಣ್ಣಗೆ ಅರೆದ ಮಣ್ಣನ್ನು ತೆಳುವಾಗಿ ಬಳಿದು, ನೆರಳಿನಲ್ಲಿ ಒಣಗಿಸಬೇಕು. ಎರಡು ದಿನ ಕಳೆದ ಮೇಲೆ ಎರಡನೆಯ ಲೇಪ; ಅದು ಒಣಗಿದ ಮೇಲೆ ದಪ್ಪನೆಯ ಮೂರನೆಯ ಲೇಪ. ಆಮೇಲೆ ಕಾಸಿ ಮೇಣವನ್ನು ಹೊರಗೆ ಹರಿಸಿ, ಅದು ತೆರವು ಮಾಡಿದ ಜಾಗಕ್ಕೆ ಕರಗಿದ ಲೋಹವನ್ನು ಹೊಯ್ಯಬೇಕು. ಮೇಣವನ್ನು ಮೊದಲೇ ತೂಗಿ, ಅದರಿಂದ ಲೋಹದ ತೂಕವನ್ನು ನಿಶ್ಚಯಿಸುವ ಜಾಣತನವೂ ಆ ಕ್ರಮದಲ್ಲಿ ಸೇರಿದೆ. ಮೇಣ ನೀರಿಗಿಂತ ತುಸು ಹಗುರ, ಹಿತ್ತಾಳೆ ನೀರಿನ ಎಂಟೂವರೆ ಪಟ್ಟು ಭಾರ. ಆದ್ದರಿಂದ ಒಂದು ತೊಲೆ ಮೇಣದ ಜಾಗ ತುಂಬಲು ಸುಮಾರು ಒಂಬತ್ತು ತೊಲೆ ಹಿತ್ತಾಳೆ ಬೇಕೆಂಬ ಲೆಕ್ಕವನ್ನು ಇಂದಿನ ವಿದ್ಯಾರ್ಥಿಯೂ ಮಾಡಿ ನೋಡಬಹುದು.

ನೆರಳಿನಲ್ಲೇ ಏಕೆ ಒಣಗಿಸಬೇಕು? ಬಿಸಿಲಿಗೆ ಇಟ್ಟರೆ ಮೇಣ ಮೆತ್ತಗಾಗುತ್ತದೆ. ಮಣ್ಣಿನ ಮೇಲ್ಮೈ ಬೇಗ ಒಣಗಿ, ಒಳಗೆ ಹಸಿ ಉಳಿದು, ಬಿರುಕು ಬಿಡುತ್ತದೆ. ಆ ಎರಡು ದಿನಗಳ ಕಾಯುವಿಕೆ ಮೊಬೈಲಿನ ಚಿತ್ರದಲ್ಲಿ ಬರುವುದಿಲ್ಲ. ಅದನ್ನು ತೋರಿಸಿದರೆ ನೋಡುವವರೂ ಇರಲಾರರು.

ಹಸಿಯ ಮಾತು ಬಂದದ್ದರಿಂದ ಇಲ್ಲಿಯೇ ಮುಖ್ಯವಾದ ಸಂಗತಿಯನ್ನು ಹೇಳಿಬಿಡುತ್ತೇವೆ. ನೀರು ಆವಿಯಾದಾಗ ಸುಮಾರು ೧,೭೦೦ ಪಟ್ಟು ಹಿಗ್ಗುತ್ತದೆ. ಕರಗಿದ ಲೋಹದ ಅಡಿಯಲ್ಲಿ ಒಂದು ಹನಿ ನೀರು ಸಿಕ್ಕಿಕೊಂಡರೆ ಅದು ಕ್ಷಣಮಾತ್ರದಲ್ಲಿ ಆವಿಯಾಗಿ, ಮೇಲಿನ ಲೋಹವನ್ನೆಲ್ಲ ಮುಖದತ್ತ ಚಿಮ್ಮಿಸುತ್ತದೆ. ಒಗ್ಗರಣೆಯ ಕಾದ ಎಣ್ಣೆಗೆ ನೀರು ಬಿದ್ದಾಗ ಆಗುವುದನ್ನು ತಾಯಂದಿರು ದಿನವೂ ಕಾಣುತ್ತಾರೆ. ಇಲ್ಲಿ ಎಣ್ಣೆಯ ಬದಲು ೭೦೦ ಡಿಗ್ರಿಯ ಲೋಹವಿದೆ ಎಂಬುದಷ್ಟೇ ವ್ಯತ್ಯಾಸ. ಒದ್ದೆಯಾದ ಇಕ್ಕಳ, ತಣ್ಣಗಿನ ಸೌಟು, ಮಳೆಯಲ್ಲಿ ನೆನೆದ ಗುಜರಿ, ಬೆವರಿನ ಹನಿ, ಇವೆಲ್ಲ ಒಂದೇ ಜಾತಿಯ ಶತ್ರುಗಳು. ಮೂಸೆಗೆ ಹೊಸದಾಗಿ ಹಾಕುವ ಪ್ರತಿಯೊಂದು ಚೂರನ್ನೂ ಕುಲುಮೆಯ ಬಾಯಿಯ ಹತ್ತಿರ ಇಟ್ಟು ಕಾಸಿಯೇ ಹಾಕಬೇಕು. ಮುಚ್ಚಿದ ಡಬ್ಬಿಗಳನ್ನೂ ಸೆಂಟಿನ ಡಬ್ಬಿಗಳನ್ನೂ ಎಂದಿಗೂ ಹಾಕಬಾರದು. ಅವು ಬಾಂಬಿನಂತೆ ಸಿಡಿಯುತ್ತವೆ.

ನೆಲದ ವಿಚಾರವನ್ನು ನಮ್ಮವರು ಅಲಕ್ಷಿಸುವ ಸಂಭವ ಹೆಚ್ಚು. ನಮ್ಮ ಭಾಗದ ಅಂಗಳಕ್ಕೆ ಫರಸಿ ಹಾಸುವುದು ರೂಢಿ. ಇಳಕಲ್ಲಿನಲ್ಲಿ ಕೆಂಪು ಗ್ರಾನೈಟ್, ಉಳಿದ ಕಡೆ ಸಿಮೆಂಟು. ಕರಗಿದ ಲೋಹ ಸಿಮೆಂಟಿನ ಮೇಲೆ ಚೆಲ್ಲಿದರೆ ಅದರೊಳಗೆ ಅಡಗಿರುವ ತೇವ ಆವಿಯಾಗಿ ನೆಲದ ಚೆಕ್ಕೆಗಳು ಸಿಡಿದೇಳುತ್ತವೆ; ಕಲ್ಲಿನ ಹಾಸು ಕೂಡ ಒಮ್ಮೆಲೇ ಕಾದು ಒಡೆಯಬಹುದು. ನಾಲ್ಕು ಬೆರಳು ಎತ್ತರ ಒಣ ಮರಳನ್ನು ಹಾಸಿ, ಅದರ ಮೇಲೆಯೇ ಕೆಲಸ ಮಾಡಬೇಕು.

ಇನ್ನು ಅಚ್ಚಿನ ಮರಳು. ಇದಕ್ಕೆ ದೂರ ಹೋಗಬೇಕಾಗಿಲ್ಲ. ಬಾದಾಮಿಯ ಕಡೆ ಮರಳುಗಲ್ಲು ಸವೆದು ಆದ ಕೆಂಪು ಮರಳುಮಣ್ಣಿನಲ್ಲಿ ಮರಳೂ ಜೇಡಿಯೂ ಸಹಜವಾಗಿಯೇ ಬೆರೆತಿರುತ್ತವೆ. ಹುನಗುಂದದ ಕಡೆಯವರಿಗೆ ಎರೆಮಣ್ಣು ಹೇರಳ. ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ಈ ಕಪ್ಪು ಮಣ್ಣಿನ ಜೇಡಿಯೂ ಎರಕದ ಕಾರ್ಖಾನೆಗಳವರು ಚೀಲಗಟ್ಟಲೆ ಕೊಳ್ಳುವ ಬೆಂಟೊನೈಟ್ ಜೇಡಿಯೂ ಒಂದೇ ಕುಲದವು. ಸಣ್ಣ ಜರಡಿಯಲ್ಲಿ ಸೋಸಿದ ಮರಳು ನೂರು ಪಾಲಿದ್ದರೆ ಒಣ ಜೇಡಿಯ ಪುಡಿ ಎಂಟರಿಂದ ಹತ್ತು ಪಾಲು, ನೀರು ನಾಲ್ಕರಿಂದ ಆರು ಪಾಲು, ಎಲ್ಲವೂ ತೂಕದಲ್ಲಿ. ಒಂದು ಬುಟ್ಟಿ ಮರಳು ವರ್ಷಗಟ್ಟಲೆ ಸಾಕು. ಮಲಪ್ರಭೆಯ ಪಾತ್ರಕ್ಕೆ ಮರಳಿನವರು ಮಾಡಿರುವ ಗಾಯವೇ ಬೇಕಾದಷ್ಟಿರುವಾಗ ನಾವು ಅದಕ್ಕೆ ಟ್ರ್ಯಾಕ್ಟರು ಹೂಡುವುದು ಬೇಡ.

ಎರೆಮಣ್ಣಿನಲ್ಲಿ ಒಂದು ದೋಷವುಂಟು. ಅದರಲ್ಲಿ ಸುಣ್ಣದ ಹರಳುಗಳಿರುತ್ತವೆ. ಹಿತ್ತಾಳೆಯಂಥ ಬಿಸಿ ಲೋಹ ತಾಗಿದರೆ ಅವುಗಳಿಂದ ಅನಿಲ ಹೊರಟು ಎರಕದಲ್ಲಿ ತೂತುಗಳಾಗುತ್ತವೆ. ಒಂದು ಚಿಟಿಕೆ ಮಣ್ಣಿಗೆ ನಿಂಬೆರಸ ಹಿಂಡಿ ನೋಡಿರಿ. ನೊರೆಯೆದ್ದರೆ ಸುಣ್ಣವಿದೆಯೆಂದು ತಿಳಿದು ಬೇರೆ ಹೊಲದ ಮಣ್ಣನ್ನು ಹುಡುಕಿರಿ. ಇಳಕಲ್ಲಿನವರಿಗೆ ಇನ್ನೊಂದು ಮಾತು. ಕಲ್ಲು ಕೊಯ್ಯುವ ಕಾರ್ಖಾನೆಗಳ ಸಣ್ಣ ಹುಡಿ ಪುಕ್ಕಟೆ ಸಿಗುತ್ತದೆಂದು ಅದನ್ನು ತಂದು ಜರಡಿ ಹಿಡಿಯಬಾರದು. ಕಲ್ಲಿನ ಸೂಕ್ಷ್ಮ ಧೂಳು ಶ್ವಾಸಕೋಶಕ್ಕೆ ಸೇರಿದರೆ ಹೊರಬರುವುದಿಲ್ಲ. ಮರಳನ್ನು ಸೋಸುವಾಗಲೂ ಮೂಗು ಬಾಯಿಗೆ ಒಳ್ಳೆಯ ಮುಖಗವಸು ಇರಲಿ.

ಹದವಾದ ಮರಳನ್ನು ಮುಷ್ಟಿಯಲ್ಲಿ ಹಿಸುಕಿದರೆ ಬೆರಳುಗಳ ಗುರುತು ಸ್ಪಷ್ಟವಾಗಿ ಮೂಡಬೇಕು, ಅಂಗೈಗೆ ನೀರು ಹತ್ತಬಾರದು. ಆ ಮುದ್ದೆಯನ್ನು ನಡುವೆ ಮುರಿದರೆ ಅಂಚು ಉದುರದೆ ಎರಡು ತುಂಡಾಗಬೇಕು. ಉದುರಿದರೆ ನೀರು ಕಡಿಮೆ. ಕೈಗೆ ಅಂಟಿದರೆ ನೀರು ಅಥವಾ ಜೇಡಿ ಹೆಚ್ಚು. ರೊಟ್ಟಿಯ ಹಿಟ್ಟನ್ನು ನಾದುವ ತಾಯಂದಿರಿಗೆ ಈ ಪರೀಕ್ಷೆಯನ್ನು ನಾವು ಕಲಿಸಬೇಕಾಗಿಲ್ಲ. ಮಕ್ಕಳೇ ಅವರ ಬಳಿ ಕುಳಿತು ಹದ ಕಲಿಯಲಿ. ಮರಳಿನಲ್ಲಿ ನೀರಿದ್ದರೆ ಸಿಡಿಯದೇ ಎಂದು ಸಂಶಯ ಬರುವುದು ಸಹಜ. ಮರಳಿನ ಕಣಗಳ ನಡುವೆ ಆವಿಗೆ ಓಡಿಹೋಗಲು ದಾರಿಯುಂಟು; ಅದಕ್ಕಾಗಿಯೇ ಸೈಕಲ್ಲಿನ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ ರಂಧ್ರಗಳನ್ನು ಬಿಡುತ್ತಾರೆ. ಮರಳು ಜವುಗಾಗಿದ್ದರೆ, ಅಥವಾ ದಾರಿಯಿಲ್ಲದಂತೆ ಬಿಗಿಯಾಗಿ ಬಡಿದಿದ್ದರೆ, ಅದೇ ಅಚ್ಚು ಸಿಡಿಯುತ್ತದೆ.

ತಳವಿಲ್ಲದ ಎರಡು ಮರದ ಚೌಕಟ್ಟುಗಳು ಒಂದರ ಮೇಲೊಂದು ಅಲುಗಾಡದೆ ಕೂಡುವಂತಿರಬೇಕು. ಮೊದಲನೆಯದರಲ್ಲಿ ಮರದ ಮಾದರಿಯನ್ನಿಟ್ಟು, ಅದರ ಮೇಲೆ ಇದ್ದಿಲ ಪುಡಿಯನ್ನು ಉದುರಿಸಿ, ಮರಳನ್ನು ಪದರ ಪದರವಾಗಿ ಬಡಿಯಬೇಕು. ತಿರುವಿ ಹಾಕಿ ಮತ್ತೆ ಇದ್ದಿಲ ಪುಡಿ ಉದುರಿಸಿ, ಮೇಲಿನ ಚೌಕಟ್ಟನ್ನು ಕೂಡಿಸಿ, ಲೋಹ ಇಳಿಯುವ ಬಾಯಿಗೂ ಮೇಲೇಳುವ ಬಾಯಿಗೂ ಎರಡು ಕೊಳವೆಗಳನ್ನು ನಿಲ್ಲಿಸಿ ಮರಳು ತುಂಬಬೇಕು. ಬಳಿಕ ಬಿಚ್ಚಿ, ಮಾದರಿಯನ್ನು ಅಲುಗಿಸಿ ಮೇಲಕ್ಕೆತ್ತಬೇಕು. ಮಾದರಿಯ ಪಕ್ಕಗಳು ತುಸು ಓರೆಯಾಗಿದ್ದರೆ ಮಾತ್ರ ಮರಳು ಕೀಳದೆ ಬರುತ್ತದೆ. ಅಲ್ಯುಮಿನಿಯಂ ತಣಿದಾಗ ನೂರು ಮಿಲಿಮೀಟರಿಗೆ ಸುಮಾರು ೧.೩ ಮಿಲಿಮೀಟರು ಕುಗ್ಗುವುದರಿಂದ ಮಾದರಿ ಅಷ್ಟು ದೊಡ್ಡದಿರಲಿ. ಮೇಲೇಳುವ ಬಾಯಿ ಬರಿಯ ಗಾಳಿಗಲ್ಲ. ಲೋಹ ಗಟ್ಟಿಯಾಗುವಾಗ ಕುಗ್ಗಿದ ಜಾಗವನ್ನು ಅಲ್ಲಿ ಉಳಿದ ಬಿಸಿ ಲೋಹವೇ ಇಳಿದು ತುಂಬುತ್ತದೆ. ಅದು ಸಣ್ಣದಾದರೆ ಎರಕದ ಮೈಯಲ್ಲಿ ಗುಳಿ ಬೀಳುತ್ತದೆ.

ಈ ಅಚ್ಚು ಕೈಗೆ ಒಗ್ಗುವವರೆಗೆ ಲೋಹವನ್ನು ಮುಟ್ಟಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ. ಮೊದಲ ಒಂದು ತಿಂಗಳು ಮೇಣದಬತ್ತಿಯ ಮೇಣವನ್ನೇ ಕರಗಿಸಿ ಹೊಯ್ದು ನೋಡಬೇಕು. ಮರಳು ಎಲ್ಲಿ ಕುಸಿಯಿತು, ಬಾಯಿ ಎಲ್ಲಿ ಕಿರಿದಾಯಿತು, ಗಾಳಿ ಎಲ್ಲಿ ಸಿಕ್ಕಿಕೊಂಡಿತು ಎಂಬುದನ್ನೆಲ್ಲ ಮೇಣ ತಾನೇ ತೋರಿಸುತ್ತದೆ. ಅಪಾಯವೂ ಅಲ್ಪ, ಖರ್ಚೂ ಅಲ್ಪ.

ಎರಡನೆಯ ಮೆಟ್ಟಿಲು ತವರ. ಅದು ೨೩೨ ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಒಂದು ಸಣ್ಣ ಒಲೆ, ಉಕ್ಕಿನ ಸೌಟು ಸಾಕು. ಪಾತ್ರೆಗಳಿಗೆ ಕಲಾಯಿ ಮಾಡುವವರು ಬಳಸುವುದು ಇದೇ ಲೋಹವನ್ನು. ಬಳಪದ ಕಲ್ಲನ್ನು ಚಾಕುವಿನಿಂದ ಕೊರೆದು, ಚೆನ್ನಾಗಿ ಒಣಗಿಸಿ, ಬೆಚ್ಚಗೆ ಮಾಡಿ ಅದರಲ್ಲಿ ಹೊಯ್ದರೆ ಸಣ್ಣ ಬಿಲ್ಲೆಗಳು ಅಂದವಾಗಿ ಬರುತ್ತವೆ. ತವರಕ್ಕೆ ಬೆಲೆ ಹೆಚ್ಚು ಎಂದು ಅದರ ಬದಲು ಸೀಸವನ್ನು ಹಿಡಿಯುವವರಿದ್ದಾರೆ. ಹಳೆಯ ಬ್ಯಾಟರಿಯನ್ನು ಒಡೆಯುವವರೂ ಇದ್ದಾರೆ. ಇದನ್ನು ನಾವು ಸರ್ವಥಾ ಒಪ್ಪುವುದಿಲ್ಲ. ಸೀಸದ ಹೊಗೆಯೂ ಧೂಳೂ ಮನೆಯ ನೆಲಕ್ಕೆ, ಬಟ್ಟೆಗೆ, ತೊಟ್ಟಿಲಿಗೆ ತಲುಪುತ್ತವೆ. ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಅದು ಕುಗ್ಗಿಸುತ್ತದೆ, ಕುಗ್ಗಿದ್ದು ಮತ್ತೆ ತುಂಬುವುದಿಲ್ಲ. ವಿದ್ಯುತ್ ಕೆಲಸದವರ ಬೆಸುಗೆಯ ತಂತಿಯಲ್ಲಿಯೂ ಅನೇಕ ವೇಳೆ ಸೀಸವಿರುತ್ತದೆ.

ಮೂರನೆಯದು ಅಲ್ಯುಮಿನಿಯಂ. ಕರಗುವ ಶಾಖ ೬೬೦ ಡಿಗ್ರಿ. ಇದರ ಮೋಸವೆಂದರೆ, ಹಗಲಿನ ಬೆಳಕಿನಲ್ಲಿ ಕರಗಿದ ಅಲ್ಯುಮಿನಿಯಂ ಕೆಂಪಗೆ ಕಾಣುವುದಿಲ್ಲ. ತಣ್ಣಗಿನದೂ ಸುಡುವುದೂ ಒಂದೇ ಬೆಳ್ಳಿಯ ಬಣ್ಣ. ಪಾನೀಯದ ಡಬ್ಬಿಗಳನ್ನು ಕರಗಿಸಿದರೆ ಕಿಟ್ಟವೇ ಹೆಚ್ಚು ಬರುತ್ತದೆ. ಗ್ಯಾರೇಜಿನಲ್ಲಿ ಸಿಗುವ ಹಳೆಯ ಪಿಸ್ಟನ್ನು ಮೊದಲೇ ಎರಕಕ್ಕೆಂದು ಬೆರಸಿದ ಲೋಹ. ಅದರಲ್ಲಿ ಸಿಲಿಕಾನ್ ಇರುವುದರಿಂದ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಗುಜರಿಯಲ್ಲಿ ಮೆಗ್ನೀಸಿಯಂ ಬೆರೆತಿದ್ದರೆ ಬೆಂಕಿ ಹತ್ತುತ್ತದೆ, ನೀರು ಹಾಕಿದರೆ ಇನ್ನೂ ಉರಿಯುತ್ತದೆ. ಯಾವುದೆಂದು ತಿಳಿಯದ ಲೋಹವನ್ನು ಮೂಸೆಗೆ ಹಾಕಲೇಬಾರದು.

ಹಿತ್ತಾಳೆಯನ್ನು ಅನುಭವಿಗಳಿಗೆ ಬಿಡುವುದು ಲೇಸು. ಅದು ಕರಗುವ ೯೦೦ ಡಿಗ್ರಿಯ ಆಸುಪಾಸಿನಲ್ಲಿಯೇ ಅದರೊಳಗಿನ ಸತು ಕುದಿದು ಬಿಳಿಯ ಹೊಗೆಯಾಗುತ್ತದೆ; ಅದನ್ನು ಸೇವಿಸಿದವರಿಗೆ ಅದೇ ರಾತ್ರಿ ಚಳಿಜ್ವರ ಬರುತ್ತದೆ. ಬಿಳಿ ಲೇಪದ ತಗಡಿನ ಬಕೀಟನ್ನು ಕುಲುಮೆಯಾಗಿ ಮಾಡಿಕೊಂಡವರಿಗೂ ಇದೇ ಗತಿ. ಎರಕದ ಕಬ್ಬಿಣಕ್ಕೆ ೧,೧೫೦ ಡಿಗ್ರಿಗೂ ಮೇಲ್ಪಟ್ಟ ಶಾಖ ಬೇಕು. ಅದು ಮನೆಯ ಮಾತಲ್ಲ.

ಕುಲುಮೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಕಿಯಿಟ್ಟಿಗೆ, ಇದ್ದಿಲು, ಕೈಯಿಂದ ತಿರುಗಿಸುವ ಊದುವ ಯಂತ್ರ, ಅಂಗಡಿಯಲ್ಲಿ ಸಿಗುವ ಗ್ರಾಫೈಟ್ ಮೂಸೆ, ಮೂಸೆಯ ಮೈಗೆ ಸರಿಯಾಗಿ ಹೊಂದುವ ಇಕ್ಕಳ. ಬಯಲಲ್ಲಿಯೇ ಹೂಡಬೇಕು, ಪಡಸಾಲೆಯಲ್ಲಿ ಇದ್ದಿಲು ಉರಿಸಿದರೆ ಅದರ ವಾಸನೆಯಿಲ್ಲದ ವಿಷಾನಿಲ ಪ್ರಾಣವನ್ನೇ ತೆಗೆಯುತ್ತದೆ. ಮುಖಕ್ಕೆ ಪಾರದರ್ಶಕ ಕವಚ, ಕೈಗೆ ಚರ್ಮದ ಗವಸು, ಹತ್ತಿಯ ಬಟ್ಟೆ, ಲೋಹ ಒಳಗೆ ಜಾರದಂಥ ಮುಚ್ಚಿದ ಬೂಟು, ಅದರ ಮೇಲೆ ಇಳಿಬಿದ್ದ ಪ್ಯಾಂಟು. ಧೋತರ, ಲುಂಗಿ, ಸೀರೆಯ ಸೆರಗು ಹತ್ತಿರ ಸುಳಿಯಬಾರದು. ಹದಿನೆಂಟು ತುಂಬದವರು ಹಿರಿಯರಿಲ್ಲದೆ ಹೊಯ್ಯಬಾರದು. ಸುಟ್ಟುಕೊಂಡರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿದು ದವಾಖಾನೆಗೆ ಹೋಗಬೇಕು. ಶಾಯಿ, ಸುಣ್ಣ, ಹಲ್ಲುಜ್ಜುವ ಪೇಸ್ಟು ಯಾವುದನ್ನೂ ಬಳಿಯಬಾರದು.

ಏನನ್ನು ಕರಗಿಸಬಾರದು ಎಂಬುದು ನಮ್ಮ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ ವಿಷಯ. ಚಲಾವಣೆಯ ನಾಣ್ಯಗಳನ್ನು ಕರಗಿಸುವುದನ್ನು ೨೦೧೧ರ ನಾಣ್ಯ ಕಾಯ್ದೆ ನಿಷೇಧಿಸಿದೆ. ಬಾದಾಮಿ, ಐಹೊಳೆಯ ಸೀಮೆಯಲ್ಲಿ ಹೊಲ ಉಳುವಾಗ, ಹಳೆಯ ಗೋಡೆ ಕೆಡಹುವಾಗ ತಾಮ್ರದ ಹಲಗೆಯೋ ಕಂಚಿನ ಮೂರ್ತಿಯೋ ಸಿಕ್ಕರೆ ಅದು ಮೂಸೆಗೆ ಹೋಗಬೇಕಾದ ವಸ್ತುವಲ್ಲ. ನೂರು ವರ್ಷ ಮೀರಿದ ಇಂಥವನ್ನು ೧೯೭೨ರ ಪುರಾತನ ವಸ್ತುಗಳ ಕಾಯ್ದೆ ರಕ್ಷಿಸುತ್ತದೆ, ತಹಶೀಲ್ದಾರರಿಗೆ ತಿಳಿಸಬೇಕು. ತಾಮ್ರಶಾಸನ ಕರಗಿದರೆ ಅದರೊಡನೆ ಒಂದು ಊರಿನ ಹೆಸರು, ಒಬ್ಬ ದಾನಿಯ ಹೆಸರು, ಒಂದು ಕೆರೆಯ ಎಲ್ಲೆ ಎಲ್ಲವೂ ಕರಗುತ್ತವೆ. ೧೯೯೭ರಲ್ಲಿ ಬಾಗಲಕೋಟೆ ಬೇರೆಯಾಗುವವರೆಗೆ ನಮ್ಮದೇ ಜಿಲ್ಲಾಸ್ಥಳವಾಗಿದ್ದ ವಿಜಾಪುರದಲ್ಲಿ ಮಲಿಕ್-ಎ-ಮೈದಾನ್ ತೋಪನ್ನು ನೋಡದವರು ವಿರಳ. ೧೫೪೯ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಆ ಐವತ್ತೈದು ಟನ್ನಿನ ತೋಪು ೧೮೫೪ರಲ್ಲಿ ಬರಿಯ ೧೫೦ ರೂಪಾಯಿಗೆ ಹರಾಜಾಗಿ, ಆ ಹರಾಜು ರದ್ದಾದುದರಿಂದ ಉಳಿಯಿತು. ಮನೆಯಲ್ಲಿ ಅಜ್ಜಿಯ ಕಾಲದ ಕಂಚಿನ ಬಟ್ಟಲು, ಹಿತ್ತಾಳೆಯ ಹಂಡೆಗಳಿದ್ದರೆ ಅವಕ್ಕೂ ಈ ಮಾತು ಸಲ್ಲುತ್ತದೆ. ಕಾಯ್ದೆ ಕೇಳದಿದ್ದರೂ ಸೊಸೆಯಂದಿರು ಕೇಳಲಿ. ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಸವೆದಿದ್ದರೆ ಅದನ್ನು ಪತ್ತಾರರ ಬಳಿಗೆ ಒಯ್ಯಿರಿ. ಅದು ತಗಡಿನ ಕೆಲಸ, ಹವ್ಯಾಸಿಗಳದ್ದಲ್ಲ.

ಪತ್ತಾರರ ಹೆಸರು ಬಂತು. ನಮ್ಮ ಊರೂರುಗಳ ಪತ್ತಾರರು ಮೂಸೆಯಲ್ಲಿ ಬೆಳ್ಳಿ ಕರಗಿಸಿ, ಚಿಟಿಕೆ ಬಿಳಿಗಾರ ಉದುರಿಸಿ ಕಿಟ್ಟವನ್ನು ಬೇರ್ಪಡಿಸುವುದನ್ನು ಒಂದು ದಿನ ಕುಳಿತು ನೋಡಿದರೆ ಹತ್ತು ಚಿತ್ರಗಳಿಗಿಂತ ಹೆಚ್ಚು ತಿಳಿಯುತ್ತದೆ. ಶರಣ ಕಿನ್ನರಿ ಬೊಮ್ಮಯ್ಯನು ಅಕ್ಕಸಾಲೆಯ ಕಾಯಕದವನಾಗಿದ್ದನೆಂಬುದನ್ನು ನಮ್ಮ ಓದುಗರು ಬಲ್ಲರು. ನಾಗಮಂಗಲದಲ್ಲಿ ಮೂರ್ತಿಗಳ ಎರಕ ಇಂದಿಗೂ ನಡೆಯುತ್ತದೆ. ಬೀದರಿನವರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಕೂಡಿಸಿ, ಹರಳೆಣ್ಣೆಯೂ ರಾಳವೂ ಬೆರೆತ ಮಣ್ಣಿನ ಅಚ್ಚಿನಲ್ಲಿ ಹೊಯ್ಯುತ್ತಾರೆ. ೨೦೦೬ರಲ್ಲಿ ಬಿದರಿ ಕಲೆಗೆ ಭೌಗೋಳಿಕ ಮಾನ್ಯತೆ ದೊರೆಯಿತು. ಎಂಜಿನಿಯರಿಂಗ್ ಓದುವವರಿಗೆ ಬಾಗಲಕೋಟೆಯಲ್ಲಿ ೧೯೬೩ರಿಂದ ಬಸವೇಶ್ವರ ಕಾಲೇಜು ಇದೆ. ಮೆಕ್ಯಾನಿಕಲ್ ವಿಷಯದ ಹುಡುಗರು ಮರಳಿನ ಅಚ್ಚನ್ನು ತಮ್ಮ ಗುರುಗಳೆದುರಿಗೆ ಕಲಿತು ಬಂದು, ಆಮೇಲೆ ಅಂಗಳದಲ್ಲಿ ಮಾಡಲಿ.

ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂಬಯಿಯಲ್ಲಿ ಯಾಂತ್ರಿಕ ರೇಖಾಚಿತ್ರದ ಶಿಕ್ಷಕರಾಗಿದ್ದವರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿ, ಬಳಿಕ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಹೊಲಕ್ಕೆ ವಿಷವೇರುತ್ತದೆಂದು ರೈತರು ಮೊದಲು ಕೊಳ್ಳಲಿಲ್ಲ. ೧೯೧೦ರಲ್ಲಿ ಅವರು ಕಿರ್ಲೋಸ್ಕರವಾಡಿಗೆ ಹೋದರು. ಬೆಳಗಾವಿ ಇಂದು ಎರಕದ ಕಾರ್ಖಾನೆಗಳ ಊರು. ಹವ್ಯಾಸದಿಂದ ಹೊಟ್ಟೆ ತುಂಬೀತೇ ಎಂದು ಕೇಳುವ ತಂದೆಯರಿಗೆ ಇದು ಗೊತ್ತಿರಲಿ.

ಕಾಲದ ವಿಚಾರವೊಂದು ಉಳಿಯಿತು. ಆಷಾಢದ ಗಾಳಿಯಲ್ಲಿ ಇದ್ದಿಲ ಕಿಡಿ ಕಣಕಿಯ ಬಣವೆಗೆ ಹಾರುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವವೇ ಅಲ್ಯುಮಿನಿಯಮಿನೊಳಗೆ ಸೇರಿ ಸೂಜಿತೂತುಗಳಾಗುತ್ತವೆ. ವೈಶಾಖದ ಬಿಸಿಲಿನಲ್ಲಿ ಕುಲುಮೆಯ ಮುಂದೆ ನಿಂತವನಿಗೆ ತಲೆ ತಿರುಗುತ್ತದೆ. ಪುಷ್ಯ, ಮಾಘ ಮಾಸಗಳ ಮುಂಜಾವು ಇದಕ್ಕೆ ಯೋಗ್ಯವಾದ ಸಮಯ. ಹಿಂದಿನ ಸಂಜೆಯೇ ಮರಳನ್ನು ಹದ ಮಾಡಿ ಒದ್ದೆ ಗೋಣಿ ಮುಚ್ಚಿಟ್ಟರೆ ಬೆಳಿಗ್ಗೆ ನೀರು ಎಲ್ಲ ಕಡೆ ಸಮನಾಗಿ ಹರಡಿರುತ್ತದೆ. ಹೊಯ್ದ ಮೇಲೆ ಮೇಲಿನ ಬಾಯಿ ಗಟ್ಟಿಯಾಯಿತೆಂದು ಕೂಡಲೇ ಬಿಚ್ಚಬಾರದು. ಅಂಗೈಯಗಲದ ಬಿಲ್ಲೆಗಾದರೂ ಅರ್ಧ ತಾಸು ಬಿಡಬೇಕು. ಬಿಚ್ಚಿದ ಮೇಲೂ ಇಕ್ಕಳದಿಂದಲೇ ಎತ್ತಬೇಕು. ಲೋಹಕ್ಕೆ ತಾಗಿ ಕಪ್ಪಾದ ಮರಳನ್ನು ಬೇರೆ ತೆಗೆದು, ಉಳಿದುದನ್ನು ಜರಡಿ ಹಿಡಿದು, ತುಸು ನೀರು ಚಿಮುಕಿಸಿ ಮುಚ್ಚಿಟ್ಟರೆ ಮುಂದಿನ ಸಲಕ್ಕೆ ಅದೇ ಆಗುತ್ತದೆ.